ಲೈಂಗಿಕ ದೌರ್ಜನ್ಯದ ನಂತರ ದೇಹದ ಆರೈಕೆ: ಮೊದಲ ಗಂಟೆಯಿಂದ ಆರನೇ ತಿಂಗಳವರೆಗೆ

ದೂರು ಕೊಡಬೇಕೋ ಬೇಡವೋ, ಮನೆಯಲ್ಲಿ ಹೇಳಬೇಕೋ ಬೇಡವೋ, ಹೇಳಿದರೆ ಯಾರಿಗೆ ಹೇಳಬೇಕು? ಈ ಪ್ರಶ್ನೆಗಳಿಗೆ ಇವತ್ತೇ ಉತ್ತರ ಸಿಗಬೇಕೆಂದಿಲ್ಲ. ಆದರೆ ಕೆಲವು ಔಷಧಿಗಳಿಗೆ ಗಂಟೆ ಲೆಕ್ಕದ ಗಡುವು ಇದೆ. ಇವೆರಡನ್ನೂ ಒಂದಕ್ಕೊಂದು ಗಂಟು ಹಾಕಿದಾಗಲೇ ತೊಂದರೆ ಶುರು. "ಮೊದಲು ಪೊಲೀಸರ ವಿಷಯ ತೀರ್ಮಾನ ಆಗಲಿ, ಆಮೇಲೆ ಡಾಕ್ಟರ್ ಹತ್ತಿರ ಹೋದರಾಯಿತು" ಅಂದುಕೊಂಡು ಎರಡು ಮೂರು ದಿನ ಕಳೆದುಹೋಗುತ್ತದೆ. ಹಾಗಾಗಿ ಈ ಬರಹದಲ್ಲಿ ದೇಹದ ವಿಷಯವೊಂದನ್ನೇ ಪ್ರತ್ಯೇಕವಾಗಿ ಎತ್ತಿಕೊಂಡಿದ್ದೇನೆ. ಉಳಿದ ತೀರ್ಮಾನಗಳು ಕಾಯಲಿ.

ಇದು ಹೆಂಗಸರಿಗೆ ಮಾತ್ರ ಬರೆದದ್ದಲ್ಲ. ಗಂಡಸರಿಗೂ, ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೇ ಅನ್ವಯ. ಮಾಡಿದವರು ಅಪರಿಚಿತರೋ, ಗೆಳೆಯನೋ, ಕಟ್ಟಿಕೊಂಡ ಗಂಡನೋ ಎಂಬುದರಿಂದ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗದು.

ಮೊದಲು ಗಡುವುಗಳನ್ನು ಒಂದೇ ಕಡೆ ಹೇಳಿಬಿಡುತ್ತೇನೆ. ಓದಲು ತಾಳ್ಮೆ ಇಲ್ಲದಿದ್ದರೆ ಇಷ್ಟು ಸಾಕು:

- ಎಚ್‌ಐವಿ ತಡೆಯುವ ಔಷಧಿ: ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ.
- ಗರ್ಭ ತಡೆಯುವ ತುರ್ತು ಮಾತ್ರೆ ಅಥವಾ ಕಾಪರ್-ಟಿ: 5 ದಿನದೊಳಗೆ. ಮಾತ್ರೆಯಾದರೆ ಬೇಗ ನುಂಗಿದಷ್ಟೂ ಫಲ ಹೆಚ್ಚು.
- ಹೆಪಟೈಟಿಸ್ ಬಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಲಸಿಕೆ: 24 ಗಂಟೆಯೊಳಗೆ ಸಿಕ್ಕರೆ ಉತ್ತಮ, 14 ದಿನದವರೆಗೂ ಪ್ರಯೋಜನವಿದೆ.
- ಅಮಲು ಬರಿಸುವ ಪದಾರ್ಥದ ಪತ್ತೆಗೆ ಮೂತ್ರ: ಗರಿಷ್ಠ 5 ದಿನ. ಕೆಲವು ಪದಾರ್ಥಗಳು 12 ಗಂಟೆಯಲ್ಲೇ ಮೂತ್ರದಿಂದ ಮಾಯವಾಗುತ್ತವೆ.
- ದೇಹದಿಂದ ಸಾಕ್ಷ್ಯ ಸಂಗ್ರಹ: ಸಾಮಾನ್ಯವಾಗಿ 3ರಿಂದ 5 ದಿನ, ಕೆಲವು ಕಡೆ 7 ದಿನ.

ಹಂತ 1: ಜೀವಕ್ಕೆ ಅಪಾಯವಿದೆಯೇ ನೋಡಿ

ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಮೊದಲು ನೋಡಬೇಕಾದ್ದು ಇದನ್ನು. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಹೊಟ್ಟೆಯಲ್ಲಿ ತಡೆಯಲಾಗದ ನೋವು, ಗುದದ್ವಾರದಿಂದ ನಿಲ್ಲದ ರಕ್ತ, ತಲೆಗೆ ಪೆಟ್ಟು ಬಿದ್ದು ವಾಂತಿ ಅಥವಾ ಮಂಕು, ಉಸಿರಾಟದ ತೊಂದರೆ, ಮೂಳೆ ಮುರಿದಿರುವ ಶಂಕೆ, ಏಳಲಾಗದಷ್ಟು ತೂಕಡಿಕೆ: ಇವುಗಳಲ್ಲಿ ಒಂದಿದ್ದರೂ ಆಂಬುಲೆನ್ಸ್ ಕರೆಯಿರಿ. ಸಾಕ್ಷ್ಯ, ಬಟ್ಟೆ ಯಾವುದರ ಬಗ್ಗೆಯೂ ಆಗ ಯೋಚಿಸಬೇಕಿಲ್ಲ.

ಕುತ್ತಿಗೆ ಹಿಸುಕಿದ್ದರೆ ಆ ಮಾತು ಬೇರೆಯೇ. ಜನ ಇದನ್ನು ಹೇಳುವುದನ್ನೇ ಮರೆಯುತ್ತಾರೆ, ಏಕೆಂದರೆ ಬಹಳ ಸಲ ಕತ್ತಿನ ಮೇಲೆ ಒಂದು ಗೆರೆಯೂ ಮೂಡಿರುವುದಿಲ್ಲ. ಹೊರಗೆ ಏನೂ ಕಾಣದಿದ್ದರೂ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ರಕ್ತನಾಳದ ಒಳಪದರ ಹರಿದಿರಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ, ದಿನಗಳೋ ವಾರಗಳೋ ಕಳೆದ ಮೇಲೆ ಪಾರ್ಶ್ವವಾಯು ಹೊಡೆದ ಉದಾಹರಣೆಗಳಿವೆ. ದನಿ ಒಡೆದಿದೆಯೇ? ನುಂಗುವಾಗ ನೋವೇ? ಕಣ್ಣಿನ ಬಿಳಿಭಾಗದಲ್ಲಿ ಅಥವಾ ರೆಪ್ಪೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿವೆಯೇ? ತಲೆನೋವು, ಕಣ್ಣು ಮಂಜು, ಒಂದು ಕೈಯಲ್ಲಿ ಬಲ ಕಡಿಮೆ ಅನಿಸುತ್ತಿದೆಯೇ? ಹಿಸುಕಿದಾಗ ಪ್ರಜ್ಞೆ ತಪ್ಪಿತ್ತೇ, ಅರಿವಿಲ್ಲದೆ ಮೂತ್ರ ಹೋಗಿತ್ತೇ? ಒಂದಕ್ಕೆ ಹೌದು ಎಂದರೂ ಅವತ್ತೇ ತುರ್ತು ವಿಭಾಗಕ್ಕೆ ಹೋಗಿ. "ಅವನು ನನ್ನ ಕುತ್ತಿಗೆ ಹಿಸುಕಿದ" ಎಂದು ಸ್ಪಷ್ಟವಾಗಿ, ಎಲ್ಲಕ್ಕಿಂತ ಮೊದಲು ಹೇಳಿ. ಕತ್ತಿನ ರಕ್ತನಾಳಗಳ ಸ್ಕ್ಯಾನ್ ಬೇಕೇ ಎಂದು ನೀವಾಗಿಯೇ ಕೇಳಿ. ಗರ್ಭಿಣಿಯಾಗಿದ್ದರೆ ಮಗುವಿನ ಸ್ಥಿತಿಯನ್ನೂ ನೋಡಬೇಕಾಗುತ್ತದೆ.

ಹಂತ 2: ಹೊರಡುವ ಮುನ್ನ

ಸ್ನಾನ ಮಾಡಬೇಕು, ಉಜ್ಜಿ ಉಜ್ಜಿ ತೊಳೆಯಬೇಕು ಎಂದು ಅನಿಸುವುದು ಸಹಜ. ಮುಂದೆ ದೂರು ಕೊಡುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ, ಆಸ್ಪತ್ರೆಗೆ ಹೋಗುವವರೆಗೆ ಅದನ್ನು ತಡೆದುಕೊಳ್ಳಿ. ಹಲ್ಲುಜ್ಜುವುದು, ಬಾಯಿ ಮುಕ್ಕಳಿಸುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು, ಬಟ್ಟೆ ಬದಲಿಸುವುದು ಕೂಡ ಆಮೇಲೆ. ಬಾಯಿಯೊಳಗಿನ ಸಾಕ್ಷ್ಯ ಎಲ್ಲಕ್ಕಿಂತ ಬೇಗ ಅಳಿಯುತ್ತದೆ, ಒಂದೆರಡು ದಿನದಲ್ಲೇ.

ಬಟ್ಟೆ ಆಗಲೇ ಬದಲಿಸಿದ್ದರೆ ಒಗೆಯಬೇಡಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಬೇಡ; ಒಳಗೆ ತೇವ ಕಟ್ಟಿ ಬೂಷ್ಟು ಬಂದರೆ ಡಿಎನ್‌ಎ ಕೆಡುತ್ತದೆ. ಒಳಉಡುಪು, ಪ್ಯಾಡ್, ಕಾಂಡೋಮ್, ಒರೆಸಿಕೊಂಡ ಬಟ್ಟೆ, ಹಾಸಿಗೆಯ ಚಾದರ ಎಲ್ಲವೂ ಇದೇ ಲೆಕ್ಕ. ಕಾಗದದ ಚೀಲ ಇಲ್ಲದಿದ್ದರೆ ಹಳೆಯ ಪತ್ರಿಕೆಯಲ್ಲಿ ಸುತ್ತಿದರೂ ಆದೀತು.

ಯಾರೋ ಕುಡಿಯಲು ಕೊಟ್ಟದ್ದರಲ್ಲಿ ಏನೋ ಬೆರೆಸಿದ್ದರು ಎಂಬ ಅನುಮಾನವಿದೆಯೇ? ಕುಡಿದ ಪ್ರಮಾಣಕ್ಕೆ ಮೀರಿದ ಮಂಪರು, ನಡುವೆ ಒಂದೆರಡು ಗಂಟೆಯ ನೆನಪೇ ಇಲ್ಲದಿರುವುದು ಇದರ ಗುರುತು. ಹಾಗಿದ್ದರೆ ಮೊದಲ ಸಲದ ಮೂತ್ರ ಬಹಳ ಮುಖ್ಯ. ಆಸ್ಪತ್ರೆಯವರೆಗೆ ತಡೆಯಲಾಗದಿದ್ದರೆ ಮುಚ್ಚಳವಿರುವ ಶುಚಿಯಾದ ಡಬ್ಬಿಯಲ್ಲಿ ಹಿಡಿದು, ಸಮಯ ಬರೆದು, ಜೊತೆಗೆ ಒಯ್ಯಿರಿ.

ಇದೆಲ್ಲ ಓದುವ ಹೊತ್ತಿಗೆ ನೀವು ಸ್ನಾನ ಮಾಡಿ, ಬಟ್ಟೆಯನ್ನೂ ಒಗೆದುಬಿಟ್ಟಿದ್ದರೆ? ಹೋಗಿ, ಆದರೂ ಹೋಗಿ. ಎಷ್ಟೋ ಸಲ ಸ್ನಾನದ ನಂತರವೂ ಸಾಕ್ಷ್ಯ ಸಿಗುತ್ತದೆ. ಸಿಗದಿದ್ದರೂ ಚಿಕಿತ್ಸೆಗೂ ಸ್ನಾನಕ್ಕೂ ಸಂಬಂಧವಿಲ್ಲ.

ಯೋನಿಯ ಒಳಗೆ ಸೋಪು, ಡೆಟಾಲ್, ಉಪ್ಪುನೀರು ಹಾಕಿ ತೊಳೆಯುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಅದರಿಂದ ಗರ್ಭವೂ ತಪ್ಪದು, ಸೋಂಕೂ ತಪ್ಪದು. ಗಾಯವಾದ ಚರ್ಮ ಇನ್ನಷ್ಟು ಸುಡುತ್ತದೆ.

ಹಂತ 3: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ಹೆಚ್ಚಿನ ಕಡೆ ಸರಿಯಾದ ಜಾಗ. ಎಚ್‌ಐವಿ ತಡೆಯುವ ಔಷಧಿ, ಲಸಿಕೆ, ಸ್ಕ್ಯಾನ್, ಸ್ತ್ರೀರೋಗ ತಜ್ಞರು ಒಂದೇ ಸೂರಿನಡಿ ಸಿಗುತ್ತಾರೆ. ದೌರ್ಜನ್ಯಕ್ಕೊಳಗಾದವರಿಗೆಂದೇ ಪ್ರತ್ಯೇಕ ಕೇಂದ್ರ ಹತ್ತಿರದಲ್ಲಿದ್ದರೆ ಅಲ್ಲಿಗೆ ಹೋಗುವುದು ಇನ್ನೂ ಒಳ್ಳೆಯದು. ಸಣ್ಣ ಕ್ಲಿನಿಕ್ಕೇ ಹತ್ತಿರವಾದರೆ ಅಲ್ಲಿ ಕನಿಷ್ಠ ಗರ್ಭನಿರೋಧಕ ಮಾತ್ರೆಯನ್ನಾದರೂ ನುಂಗಿ, ಮುಂದಕ್ಕೆ ಹೊರಡಿ.

ಕೌಂಟರಿನಲ್ಲಿ ಹತ್ತು ಜನ ಕೇಳುವಂತೆ ನಡೆದದ್ದನ್ನು ಹೇಳುವ ಅಗತ್ಯವಿಲ್ಲ. "ಇದು ತುರ್ತು, ಖಾಸಗಿ ವಿಷಯ. ಡಾಕ್ಟರ್ ಹತ್ತಿರ ಮಾತ್ರ ಹೇಳ್ತೀನಿ. ಒಂದು ರೂಮಿಗೆ ಕಳಿಸಿ" ಎಂದರೆ ಸಾಕು. ಅಷ್ಟೂ ಬಾಯಿಂದ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಒಳಗೆ ಹೋದ ಮೇಲೆ ವೈದ್ಯರಿಗೆ ಬೇಕಾಗುವ ಮಾಹಿತಿ ಇಷ್ಟು: ಯಾವಾಗ ನಡೆಯಿತು, ಯೋನಿ, ಗುದ, ಬಾಯಿ ಇವುಗಳಲ್ಲಿ ಎಲ್ಲಿ ಸಂಪರ್ಕವಾಯಿತು, ಕಾಂಡೋಮ್ ಇತ್ತೇ, ಎಷ್ಟು ಜನ, ಎಲ್ಲೆಲ್ಲಿ ನೋವು, ಕುತ್ತಿಗೆ ಹಿಸುಕಿದರೇ, ಕೊನೆಯ ಮುಟ್ಟು ಯಾವಾಗ, ಯಾವ ಔಷಧಿಗೆ ಅಲರ್ಜಿ, ಈಗ ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. "ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ?" ಎಂಬುದು ವೈದ್ಯಕೀಯ ಪ್ರಶ್ನೆಯಲ್ಲ. ಯಾರಾದರೂ ಕೇಳಿದರೆ, "ಚಿಕಿತ್ಸೆಗೆ ಇದು ಬೇಕಾ ಡಾಕ್ಟ್ರೇ?" ಎಂದು ತಿರುಗಿ ಕೇಳುವ ಹಕ್ಕು ನಿಮಗಿದೆ.

ಆ ಹೊತ್ತಿನಲ್ಲಿ ಕಿರುಚಲಿಲ್ಲ, ಒದೆಯಲಿಲ್ಲ, ಮೈ ಮರಗಟ್ಟಿಹೋಯಿತು ಎಂದಾದರೆ ಅದನ್ನೂ ಹೇಳಿ, ಬರೆದುಕೊಳ್ಳಲು ಹೇಳಿ. ವಿಪರೀತ ಭಯದಲ್ಲಿ ದೇಹ ತಾನಾಗಿ ಸ್ತಬ್ಧವಾಗುವುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಪ್ರತಿಕ್ರಿಯೆ. ಮೈಮೇಲೆ ಗಾಯ ಏಕಿಲ್ಲ ಎಂದು ಮುಂದೆ ಯಾರಾದರೂ ಎತ್ತಿದರೆ ಈ ಒಂದು ಸಾಲು ದಾಖಲೆಯಲ್ಲಿರುವುದು ಉಪಯೋಗಕ್ಕೆ ಬರುತ್ತದೆ.

ಪೊಲೀಸರ ವಿಷಯ: ಆಸ್ಪತ್ರೆಯೇ ಅವರಿಗೆ ತಿಳಿಸಬೇಕೆಂಬ ಕಾನೂನು ಕೆಲವು ದೇಶಗಳಲ್ಲಿ ಎಲ್ಲ ವಯಸ್ಸಿನವರಿಗೂ ಇದೆ, ಕೆಲವು ಕಡೆ ಮಕ್ಕಳ ವಿಷಯದಲ್ಲಿ ಮಾತ್ರ. ಹೇಳಲು ಶುರು ಮಾಡುವ ಮುನ್ನವೇ "ನಾನು ಹೇಳಿದ್ದನ್ನು ನೀವು ಯಾರಿಗೆಲ್ಲ ತಿಳಿಸಬೇಕಾಗುತ್ತೆ?" ಎಂದು ಕೇಳಿ. ಆಸ್ಪತ್ರೆ ಮಾಹಿತಿ ಕೊಡುವುದೇ ಬೇರೆ, ನೀವು ಕೂತು ಹೇಳಿಕೆ ಕೊಡುವುದೇ ಬೇರೆ. ಪೊಲೀಸರು ಬರುವವರೆಗೆ ಮಾತ್ರೆ ಕೊಡುವುದಿಲ್ಲ ಎಂದರೆ ಅದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಗಡುವಿನ ಮಾತು ಎತ್ತಿ, ಮೇಲಿನ ವೈದ್ಯರನ್ನು ಕರೆಸಲು ಹೇಳಿ.

ಹಂತ 4: ಪರೀಕ್ಷೆಯ ಕೋಣೆಯಲ್ಲಿ

ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಕಡಿಮೆ. ಸಾಕ್ಷ್ಯ ಸಂಗ್ರಹಕ್ಕೆ ಒಪ್ಪಿದ್ದರೆ ನೆಲಕ್ಕೆ ದೊಡ್ಡ ಕಾಗದ ಹಾಸುತ್ತಾರೆ. ಅದರ ಮೇಲೆ ನಿಂತು ಒಂದೊಂದಾಗಿ ಬಟ್ಟೆ ಕಳಚಬೇಕು. ಕೂದಲೆಳೆ, ಮಣ್ಣು, ದಾರದ ಚೂರು ಉದುರಿದರೆ ಕಾಗದದ ಮೇಲೇ ಉಳಿಯುತ್ತದೆ, ಕೊನೆಗೆ ಕಾಗದವನ್ನೂ ಮಡಚಿ ಇಡುತ್ತಾರೆ. ಆಮೇಲೆ ನಿಲುವಂಗಿ ಕೊಡುತ್ತಾರೆ. ಕಿವಿಗೆ ಹಾಕುವ ಹತ್ತಿಕಡ್ಡಿಯಂಥದ್ದೇ, ಆದರೆ ಉದ್ದವಾದ ಕಡ್ಡಿಯಿಂದ ಬಾಯಿ, ಚರ್ಮ, ಯೋನಿ, ಗುದದ ಭಾಗಗಳಿಂದ ಮಾದರಿ ತೆಗೆಯುತ್ತಾರೆ. ಕಚ್ಚಿದ ಅಥವಾ ನೆಕ್ಕಿದ ಜಾಗ ನೆನಪಿದ್ದರೆ ತೋರಿಸಿ, ಎಂಜಲು ಅಲ್ಲಿರುತ್ತದೆ. ಉಗುರಿನ ಅಡಿಯಿಂದಲೂ ಕೆರೆದು ತೆಗೆಯುತ್ತಾರೆ. ಪ್ರತಿ ಕಡ್ಡಿಯನ್ನೂ ಗಾಳಿಗೆ ಒಣಗಿಸಿ, ಲಕೋಟೆಗೆ ಹಾಕಿ, ಸೀಲ್ ಮಾಡಿ, ಸಹಿ ಹಾಕುತ್ತಾರೆ. ಇದೆಲ್ಲ ನಿಧಾನದ ಕೆಲಸ, ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ನೀರು ಕೇಳಿ, ವಿರಾಮ ಕೇಳಿ.

ಯೋನಿಯ ಒಳಭಾಗ ನೋಡಲು ಸ್ಪೆಕ್ಯುಲಮ್ ಎಂಬ ಉಪಕರಣ ಬಳಸುವುದುಂಟು. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಚಿಕ್ಕ ಗಾತ್ರದ್ದನ್ನು ಬಳಸಲು ಹೇಳಬಹುದು, ನಾನೇ ಒಳಗೆ ಇಟ್ಟುಕೊಳ್ಳುತ್ತೇನೆ ಎನ್ನಬಹುದು, ಬೇಡವೇ ಬೇಡ ಎಂದೂ ಹೇಳಬಹುದು. ಒಪ್ಪಿಗೆ ಎಂದರೆ ಮೊದಲಿಗೆ ಒಂದು ಸಹಿ ಹಾಕಿ ಮುಗಿಸುವ ಸಂಗತಿಯಲ್ಲ. ಪ್ರತಿ ಹೆಜ್ಜೆಗೂ ಕೇಳಬೇಕು, ನೀವು "ಸಾಕು, ನಿಲ್ಲಿಸಿ" ಎಂದ ಕ್ಷಣ ನಿಲ್ಲಿಸಬೇಕು. ಮಹಿಳಾ ವೈದ್ಯರೇ ಬೇಕು, ಅಕ್ಕ ಅಥವಾ ಗೆಳತಿ ಪಕ್ಕದಲ್ಲಿರಬೇಕು ಎಂದು ಕೇಳುವುದು ಅತಿಯೇನಲ್ಲ. ಸಾಕ್ಷ್ಯ ಸಂಗ್ರಹ ಪೂರ್ತಿ ಬೇಡವೆಂದರೂ ಚಿಕಿತ್ಸೆ ಸಿಗಲೇಬೇಕು.

"ಎರಡು ಬೆರಳಿನ ಪರೀಕ್ಷೆ"ಯನ್ನು ಮಾತ್ರ ಖಂಡಿತ ನಿರಾಕರಿಸಿ. ಯೋನಿಯ ಸಡಿಲಿಕೆ ಅಥವಾ ಕನ್ಯಾಪೊರೆ ನೋಡಿ ಹಿಂದೆ ಲೈಂಗಿಕ ಸಂಪರ್ಕ ನಡೆದಿತ್ತೇ ಎಂದು ಹೇಳುವ ಯಾವ ವೈಜ್ಞಾನಿಕ ವಿಧಾನವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು ಕನ್ಯತ್ವ ಪರೀಕ್ಷೆ ಎಲ್ಲ ಕಡೆ ನಿಲ್ಲಬೇಕೆಂದು 2018ರಲ್ಲೇ ಹೇಳಿವೆ. ಹಾಗೆಯೇ, "ಗಾಯ ಏನೂ ಕಾಣ್ತಿಲ್ಲವಲ್ಲ" ಎಂಬ ಮಾತಿಗೆ ಕುಗ್ಗಬೇಡಿ. ಬಲವಂತ ನಡೆದ ಬಹಳಷ್ಟು ಪ್ರಕರಣಗಳಲ್ಲಿ ಜನನಾಂಗದಲ್ಲಿ ಗಾಯವೇ ಇರುವುದಿಲ್ಲ. ಇದ್ದರೂ ಆ ಭಾಗದ ಚರ್ಮ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ.

ಹಂತ 5: ಗರ್ಭ ತಡೆಯುವುದು

ಗರ್ಭ ನಿಲ್ಲುವ ಸಾಧ್ಯತೆ ಇರುವ ಎಲ್ಲರಿಗೂ, ಅಂದರೆ ಮುಟ್ಟು ಇನ್ನೇನು ಶುರುವಾಗಲಿರುವ ಹುಡುಗಿಯರಿಗೂ, ಮುಟ್ಟು ನಿಲ್ಲುವ ಹಂತದಲ್ಲಿರುವವರಿಗೂ, ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುತ್ತಿರುವ ಟ್ರಾನ್ಸ್ ಪುರುಷರಿಗೂ ಇದು ಬೇಕು. ಟೆಸ್ಟೋಸ್ಟಿರೋನ್ ಗರ್ಭನಿರೋಧಕವಲ್ಲ.

ಹೆಚ್ಚಿನ ಕಡೆ ಸಿಗುವುದು ಲೆವೊನಾರ್ಜೆಸ್ಟ್ರೆಲ್, 1.5 ಮಿ.ಗ್ರಾಂ ಒಂದೇ ಸಲ. ಮೊದಲ 72 ಗಂಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಐದನೇ ದಿನದ ಹೊತ್ತಿಗೆ ಫಲ ತಗ್ಗುತ್ತದೆ. ಯುಲಿಪ್ರಿಸ್ಟಲ್ 30 ಮಿ.ಗ್ರಾಂ ಸಿಗುವ ಊರಾದರೆ, ಮೂರು ದಿನ ಮೀರಿದವರಿಗೆ ಅದು ಮೇಲು. ಎಲ್ಲಕ್ಕಿಂತ ಪರಿಣಾಮಕಾರಿ ಎಂದರೆ 5 ದಿನದೊಳಗೆ ಹಾಕಿಸುವ ಕಾಪರ್-ಟಿ. ಆದರೆ ಆ ಸ್ಥಿತಿಯಲ್ಲಿ ಇನ್ನೊಂದು ಉಪಕರಣವನ್ನು ಒಳಗೆ ಹಾಕಿಸಿಕೊಳ್ಳಲು ಎಲ್ಲರ ಮನಸ್ಸೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಮಾತ್ರೆಯೇ ಸರಿ. ತೂಕ ಹೆಚ್ಚಿರುವವರಲ್ಲಿ ಲೆವೊನಾರ್ಜೆಸ್ಟ್ರೆಲ್ ಫಲ ಕಡಿಮೆಯಾಗಬಹುದು. ಮೂರ್ಛೆರೋಗ ಅಥವಾ ಕ್ಷಯದ ಕೆಲವು ಔಷಧಿಗಳು (ಕಾರ್ಬಮಜೆಪಿನ್, ಫೆನಿಟಾಯಿನ್, ರಿಫಾಂಪಿಸಿನ್) ಅದರ ಬಲ ಕುಂದಿಸುತ್ತವೆ, ಅಂಥವರಿಗೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ ಅಥವಾ ಕಾಪರ್-ಟಿ ಹೇಳುತ್ತಾರೆ.

ಲೆವೊನಾರ್ಜೆಸ್ಟ್ರೆಲ್ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕು. ಯುಲಿಪ್ರಿಸ್ಟಲ್‌ಗೆ ಈ ಲೆಕ್ಕ ಮೂರು ಗಂಟೆ. ಮುಂದಿನ ಮುಟ್ಟು ಹಿಂದೆಮುಂದೆ ಆಗಬಹುದು. ಒಂದು ವಾರಕ್ಕಿಂತ ತಡವಾದರೆ, ಅಥವಾ ಘಟನೆಯಾಗಿ ಮೂರು ವಾರ ತುಂಬಿದ ಮೇಲೆ, ಮೂತ್ರದ ಗರ್ಭಪರೀಕ್ಷೆ ಮಾಡಿಕೊಳ್ಳಿ. ಈ ತುರ್ತು ಮಾತ್ರೆ ಗರ್ಭಪಾತದ ಮಾತ್ರೆಯಲ್ಲ. ಮೊದಲೇ ಗರ್ಭವಿದ್ದರೆ ಅದಕ್ಕೆ ಇದರಿಂದ ಹಾನಿಯಿಲ್ಲ. ಅಷ್ಟಾಗಿಯೂ ಗರ್ಭ ನಿಂತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಕಾನೂನು ಎಲ್ಲ ಕಡೆ ಒಂದೇ ತೆರನಲ್ಲ, ಆದರೆ ಬೇಗ ಹೋದಷ್ಟೂ ವಿಧಾನ ಸರಳ, ದಾರಿಗಳೂ ಹೆಚ್ಚು.

ಹಂತ 6: ಎಚ್‌ಐವಿ ತಡೆ, 28 ದಿನ

ಯೋನಿ ಅಥವಾ ಗುದದ ಮೂಲಕ ಸಂಪರ್ಕವಾಗಿದ್ದರೆ, ಬಾಯಲ್ಲಿ ಹುಣ್ಣು ಅಥವಾ ಗಾಯವಿದ್ದು ವೀರ್ಯ ತಾಗಿದ್ದರೆ, ರಕ್ತದ ಸಂಪರ್ಕವಾಗಿದ್ದರೆ ಈ ಔಷಧಿಯ ಬಗ್ಗೆ ಕೇಳಿ. ಆಸ್ಪತ್ರೆಯಲ್ಲಿ ಇದಕ್ಕೆ ಪೆಪ್ ಅಥವಾ ಪಿಇಪಿ ಎನ್ನುತ್ತಾರೆ. ಗುದಸಂಭೋಗ, ಹರಿದ ಗಾಯ, ಒಬ್ಬರಿಗಿಂತ ಹೆಚ್ಚು ಜನ ಇದ್ದದ್ದು ಅಪಾಯವನ್ನು ಹೆಚ್ಚಿಸುತ್ತವೆ. ಮಾಡಿದವನಿಗೆ ಸೋಂಕಿದೆಯೋ ಇಲ್ಲವೋ ತಿಳಿಯದಿದ್ದರೆ, ಇರಬಹುದು ಎಂದುಕೊಂಡೇ ಮುಂದುವರಿಯುವುದು ಕ್ಷೇಮ.

ಶುರು ಮಾಡುವಾಗ ನಿಮ್ಮ ರಕ್ತದ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಅದು ಮೊದಲೇ ಸೋಂಕಿತ್ತೇ ಎಂದು ತಿಳಿಯಲು ಮಾತ್ರ. ಅದರ ಫಲಿತಾಂಶಕ್ಕಾಗಿ ಮೊದಲ ಡೋಸ್ ಕಾಯಬಾರದು. ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್. ಹಲವು ಕಡೆ ಮೂರೂ ಸೇರಿದ ಒಂದೇ ಮಾತ್ರೆ ಸಿಗುತ್ತದೆ, ದಿನಕ್ಕೊಂದು. ಕಿಡ್ನಿಯ ತೊಂದರೆಯಿದ್ದರೆ ಮೊದಲೇ ಹೇಳಿ. ಹೆಪಟೈಟಿಸ್ ಬಿ ಇರುವವರೂ ಹೇಳಬೇಕು, ಏಕೆಂದರೆ ಇದರಲ್ಲಿರುವ ಎರಡು ಔಷಧಿಗಳು ಆ ವೈರಸ್ಸನ್ನೂ ಅದುಮಿಡುತ್ತವೆ, ನಿಲ್ಲಿಸಿದಾಗ ಅದು ಕೆರಳಬಹುದು. ಹೊಟ್ಟೆಯುರಿಗೆ ನುಂಗುವ ಆಂಟಾಸಿಡ್, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ಮೈಗೆ ಹಿಡಿಯದಂತೆ ಮಾಡುತ್ತವೆ. ಅವನ್ನು ತೆಗೆದುಕೊಳ್ಳಬೇಕಾದರೆ ಪೆಪ್ ನುಂಗಿ ಎರಡು ಗಂಟೆಯಾದ ಮೇಲೆ ತೆಗೆದುಕೊಳ್ಳಿ. ಗರ್ಭಿಣಿಯರೂ ಪೆಪ್ ತೆಗೆದುಕೊಳ್ಳಬಹುದು.

ಕಷ್ಟ ಇರುವುದು ಶುರು ಮಾಡುವುದರಲ್ಲಲ್ಲ, ಮುಗಿಸುವುದರಲ್ಲಿ. ಮೊದಲ ವಾರ ಓಕರಿಕೆ, ತಲೆನೋವು, ಸುಸ್ತು ಸಾಮಾನ್ಯ. ಅದಕ್ಕಿಂತ ದೊಡ್ಡದು, ದಿನಾ ಆ ಮಾತ್ರೆ ಕೈಗೆತ್ತಿಕೊಂಡಾಗ ಘಟನೆ ಮತ್ತೆ ಕಣ್ಣಮುಂದೆ ಬರುವುದು. ಅರ್ಧಕ್ಕೆ ಬಿಡುವವರಲ್ಲಿ ಬಹಳ ಜನ ಇದೇ ಕಾರಣಕ್ಕೆ ಬಿಡುತ್ತಾರೆ ಎಂದೇ ನನಗನ್ನಿಸುವುದು. ಆದ್ದರಿಂದ ಮಾತ್ರೆಯನ್ನು ದಿನನಿತ್ಯದ ಒಂದು ಕೆಲಸದ ಜೊತೆ ಸೇರಿಸಿ: ರಾತ್ರಿ ಊಟವಾದ ಮೇಲೆ, ಹಲ್ಲುಜ್ಜುವ ಮುಂಚೆ, ಹೀಗೆ. ಆಸ್ಪತ್ರೆಯ ಹೆಸರಿರುವ ಪೊಟ್ಟಣ ಕಣ್ಣಿಗೆ ಬೀಳುವುದು ಬೇಡವಾದರೆ ಸಾದಾ ಡಬ್ಬಿಗೆ ಹಾಕಿಡಿ. ಅದನ್ನು ದಿನಾ ಕೈಗೆ ಕೊಡುವ ಕೆಲಸವನ್ನು ಒಬ್ಬರಿಗೆ ವಹಿಸಿದರೂ ಆದೀತು. ಓಕರಿಕೆಗೆ ಬೇರೆ ಮಾತ್ರೆ ಕೇಳಿ ಪಡೆಯಿರಿ. ಒಂದು ದಿನ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಮೊದಲ ದಿನವೇ 28 ದಿನದ್ದನ್ನೂ ಕೊಡಿ ಎಂದು ಕೇಳಿ ನೋಡಿ. ಔಷಧಿಗಾಗಿ ಮತ್ತೆ ಮತ್ತೆ ಅಲೆಯುವುದು ತಪ್ಪುತ್ತದೆ.

ಹಂತ 7: ಉಳಿದ ಸೋಂಕುಗಳು

ಗೊನೊರಿಯಾ, ಕ್ಲಮಿಡಿಯಾ, ಟ್ರೈಕೊಮೊನಾಸ್, ಸಿಫಿಲಿಸ್ ಇವು ಬ್ಯಾಕ್ಟೀರಿಯಾ, ಪರೋಪಜೀವಿಗಳಿಂದ ಬರುವವು, ಔಷಧಿಗೆ ಬಗ್ಗುತ್ತವೆ. ಹೆಚ್ಚಿನ ವೈದ್ಯರು ಫಲಿತಾಂಶಕ್ಕೆ ಕಾಯದೆ ಮೊದಲ ದಿನವೇ ಚಿಕಿತ್ಸೆ ಕೊಟ್ಟುಬಿಡುತ್ತಾರೆ: ಸೆಫ್ಟ್ರಿಯಾಕ್ಸೋನ್ ಒಂದು ಇಂಜೆಕ್ಷನ್ (ಸೊಂಟದ ಕೆಳಗೆ ಕೊಡುವುದು, ಚೆನ್ನಾಗಿ ನೋಯುತ್ತದೆ, ಮೊದಲೇ ತಿಳಿದಿರಲಿ), ಒಂದು ವಾರ ಡಾಕ್ಸಿಸೈಕ್ಲಿನ್, ಜೊತೆಗೆ ಮೆಟ್ರೊನಿಡಜೋಲ್. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಬದಲು ಅಜಿತ್ರೊಮೈಸಿನ್. ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ನುಂಗಿದರೆ ಹೊಟ್ಟೆ ತಡೆಯುವುದಿಲ್ಲ. ಗರ್ಭ ತಡೆಯುವ ಮಾತ್ರೆ ಮತ್ತು ಪೆಪ್ ಮೊದಲು. ಉಳಿದದ್ದಕ್ಕೆ ಕೆಲವು ಗಂಟೆ ಬಿಡುವು ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಹೆಪಟೈಟಿಸ್ ಬಿ ಲಸಿಕೆ ಹಿಂದೆ ಪೂರ್ತಿ ಆಗಿರದಿದ್ದರೆ ಮೊದಲ ಡೋಸ್ ಅಂದೇ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. 9ರಿಂದ 26 ವಯಸ್ಸಿನವರು ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಲಸಿಕೆಯ ಬಗ್ಗೆಯೂ ಕೇಳಬೇಕು. ಗರ್ಭಿಣಿಯಾಗಿದ್ದರೆ ಅದು ಹೆರಿಗೆಯ ನಂತರ. ಮಣ್ಣು ತಾಗಿದ ಗಾಯಗಳಿದ್ದರೆ ಧನುರ್ವಾಯು ಚುಚ್ಚುಮದ್ದು.

ಹಂತ 8: ಮನೆಗೆ ಬಂದ ಮೇಲೆ

ಈಗ ಎಷ್ಟು ಹೊತ್ತು ಬೇಕಾದರೂ ಸ್ನಾನ ಮಾಡಿ. ತರಚಿದ ಜನನಾಂಗಕ್ಕೆ ಬೆಚ್ಚಗಿನ ಸಾದಾ ನೀರು ಸಾಕು. ಟಬ್ಬಿನಲ್ಲಿ ಬೆಚ್ಚನೆ ನೀರು ತುಂಬಿ ಹತ್ತು ಹದಿನೈದು ನಿಮಿಷ ಕೂತರೆ ನೋವು ಇಳಿಯುತ್ತದೆ. ಮೂತ್ರ ಮಾಡುವಾಗ ಉರಿದರೆ ಆ ಹೊತ್ತಿನಲ್ಲೇ ಉಗುರುಬೆಚ್ಚನೆ ನೀರು ಸುರಿದುಕೊಳ್ಳಿ. ಉರಿಯುತ್ತದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಮೂತ್ರ ಗಟ್ಟಿಯಾದರೆ ಉರಿ ಹೆಚ್ಚು. ಗುದದ ಗಾಯವಿರುವವರಿಗೆ ಮಲ ಗಟ್ಟಿಯಾಗದಂತೆ ಮೃದುಗೊಳಿಸುವ ಔಷಧಿ ಬೇಕಾಗಬಹುದು.

ಕೆಲವು ಕಂದುಗಟ್ಟಿದ ಗುರುತುಗಳು ಮೈಮೇಲೆ ಮೂಡುವುದೇ ಒಂದೆರಡು ದಿನದ ನಂತರ. ಹೊಸದಾಗಿ ಕಂಡರೆ ಫೋಟೊ ತೆಗೆದಿಡಿ, ಪಕ್ಕದಲ್ಲಿ ಅಳತೆ ಗೊತ್ತಾಗಲು ಸ್ಕೇಲ್ ಇಡಿ, ಮತ್ತೆ ಹೋಗಿ ದಾಖಲಿಸಿ.

ಜ್ವರ, ಕೆಳಹೊಟ್ಟೆಯ ನೋವು, ವಾಸನೆಯ ಸ್ರಾವ, ರಕ್ತಸ್ರಾವ ಹೆಚ್ಚಾಗುವುದು, ಮೈಮೇಲೆ ದದ್ದು, ಕಣ್ಣು ಹಳದಿಯಾಗುವುದು, ಮಾತು ತೊದಲುವುದು, ಮುಖ ಒಂದು ಕಡೆ ಜೋಲುವುದು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ. ಬದುಕುವುದೇ ಬೇಡ ಎಂಬ ಯೋಚನೆ ಬಂದರೂ ಅಷ್ಟೇ. ಅದಕ್ಕೂ ಅದೇ ತುರ್ತು ವಿಭಾಗದ ಬಾಗಿಲು.

ಹಂತ 9: ಮತ್ತೆ ಹೋಗಬೇಕಾದ ದಿನಗಳು

ಒಂದರಿಂದ ಎರಡು ವಾರದೊಳಗೆ: ಗಾಯ ನೋಡಿಸಲು, ಮೊದಲ ದಿನ ಸೋಂಕಿನ ಚಿಕಿತ್ಸೆ ಪಡೆದಿರದಿದ್ದರೆ ಪರೀಕ್ಷೆಗೆ. ಮೂರು ವಾರಕ್ಕೆ ಗರ್ಭಪರೀಕ್ಷೆ. ಆರು ವಾರಕ್ಕೆ ಮತ್ತು ಮೂರು ತಿಂಗಳಿಗೆ ಎಚ್‌ಐವಿ ಹಾಗೂ ಸಿಫಿಲಿಸ್ ರಕ್ತಪರೀಕ್ಷೆ. ಹೆಪಟೈಟಿಸ್ ಸಿ ಪರೀಕ್ಷೆ ಬೇಕೇ ಎಂದೂ ಕೇಳಿ. ಆರನೇ ತಿಂಗಳಿಗೆ ಲಸಿಕೆಯ ಕೊನೆಯ ಡೋಸ್. ಮೂರು ತಿಂಗಳ ಎಚ್‌ಐವಿ ಫಲಿತಾಂಶ ಬರುವವರೆಗೆ ಸಂಗಾತಿಯೊಂದಿಗೆ ಕಾಂಡೋಮ್ ಇರಲಿ, ರಕ್ತದಾನ ಬೇಡ. ಈ ದಿನಾಂಕಗಳನ್ನು ಮೊದಲ ದಿನವೇ ಫೋನಿಗೆ ಹಾಕಿಸಿಕೊಳ್ಳಿ. ಆ ವಾರಗಳಲ್ಲಿ ನೆನಪಿನ ಶಕ್ತಿಯನ್ನು ನಂಬುವಂತಿಲ್ಲ.

ಗಡುವು ಆಗಲೇ ಮೀರಿದ್ದರೆ

ವಾರವೋ ತಿಂಗಳೋ ವರ್ಷವೋ ಕಳೆದಿದ್ದರೂ ಮಾಡಬಹುದಾದ್ದು ಬಹಳ ಉಳಿದಿದೆ. ಪೆಪ್ ಹೊತ್ತು ಮೀರಿದ್ದರೆ ಎಚ್‌ಐವಿ ಪರೀಕ್ಷೆ ಇದೆ; ಸೋಂಕು ಇದ್ದರೂ ಬೇಗ ಪತ್ತೆಯಾಗಿ ಔಷಧಿ ಶುರುವಾದವರು ಎಲ್ಲರಂತೆ ಬಾಳುತ್ತಾರೆ. ಗೊನೊರಿಯಾ, ಕ್ಲಮಿಡಿಯಾ ಹೆಂಗಸರಲ್ಲಿ ಸದ್ದಿಲ್ಲದೆ ಉಳಿದು ಗರ್ಭನಾಳಗಳನ್ನು ಕೆಡಿಸಬಲ್ಲವು, ಹಾಗಾಗಿ ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿ. ಮೊದಲೇ ಏಕೆ ಬರಲಿಲ್ಲ ಎಂದು ಯಾರಿಗೂ ವಿವರಣೆ ಕೊಡಬೇಕಿಲ್ಲ.

ಗಂಡಸರು ಮತ್ತು ಮಕ್ಕಳ ವಿಷಯದಲ್ಲಿ

ಗಂಡಸರು ಆಸ್ಪತ್ರೆಗೆ ಬರುವುದೇ ಅಪರೂಪ. ಬಂದವರೂ ಪೈಲ್ಸ್ ಎಂದೋ ಬಿದ್ದೆ ಎಂದೋ ಹೇಳಿ ಹೋಗಿಬಿಡುತ್ತಾರೆ, ಪೆಪ್ ತಪ್ಪುತ್ತದೆ. ಗುದದ ಮೂಲಕ ಎಚ್‌ಐವಿ ತಗಲುವ ಸಾಧ್ಯತೆ ಹೆಚ್ಚು ಎಂಬುದನ್ನು ನೆನೆದರೆ ಇದು ದೊಡ್ಡ ನಷ್ಟ. ಆ ವೇಳೆ ಶಿಶ್ನ ನಿಮಿರಿದ್ದರೆ, ವೀರ್ಯ ಹೊರಬಂದಿದ್ದರೆ, ಅದು ಒತ್ತಡಕ್ಕೆ ನರಗಳು ತೋರುವ ಪ್ರತಿಕ್ರಿಯೆ ಅಷ್ಟೇ. ಹೆಂಗಸರಲ್ಲಿ ಯೋನಿ ಒದ್ದೆಯಾಗುವುದೂ ಹಾಗೆಯೇ. ಅದಕ್ಕೂ ಒಪ್ಪಿಗೆಗೂ ಸಂಬಂಧವಿಲ್ಲ.

ಮಗುವಾದರೆ ಮಕ್ಕಳ ತಜ್ಞರಿರುವ ಆಸ್ಪತ್ರೆಯೇ ಬೇಕು. ಔಷಧಿಯ ಪ್ರಮಾಣ ತೂಕದ ಮೇಲೆ ಹೋಗುತ್ತದೆ. ಪ್ರೌಢಾವಸ್ಥೆಗೆ ಬಾರದ ಹುಡುಗಿಗೆ ಎಚ್ಚರವಿರುವಾಗ ಸ್ಪೆಕ್ಯುಲಮ್ ಹಾಕುವಂತಿಲ್ಲ. ಮನೆಯಲ್ಲಿ ಅಜ್ಜಿ, ಚಿಕ್ಕಪ್ಪ, ಅತ್ತೆ ಎಂದು ಒಬ್ಬೊಬ್ಬರೂ ಕೂರಿಸಿ ಕೇಳಬೇಡಿ. ಮಗು ತಾನಾಗಿ ಹೇಳಿದ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟುಕೊಂಡು, "ಹೇಳಿದ್ದು ಒಳ್ಳೇದಾಯ್ತು ಕಂದಾ, ನಿಂದೇನೂ ತಪ್ಪಿಲ್ಲ" ಎಂದಷ್ಟೇ ಹೇಳಿ, ವೈದ್ಯರ ಹತ್ತಿರ ಕರೆದೊಯ್ಯಿರಿ.

ತಿಂಗಳುಗಳ ನಂತರ

ರಿಪೋರ್ಟುಗಳೆಲ್ಲ ಸರಿಯಾಗಿ ಬಂದ ಮೇಲೂ ಮೈ ದೂರು ಹೇಳುತ್ತಿರಬಹುದು: ಕಾರಣ ಸಿಗದ ಕೆಳಹೊಟ್ಟೆ ನೋವು, ಪದೇ ಪದೇ ಉರಿಮೂತ್ರ, ಸಂಭೋಗದ ವೇಳೆ ಯೋನಿಯ ಸ್ನಾಯುಗಳು ಬಿಗಿದುಕೊಳ್ಳುವುದು, ಹೊಟ್ಟೆ ಕೆಡುವುದು, ತಲೆನೋವು, ನಿದ್ದೆ ಹತ್ತದಿರುವುದು. ಇದನ್ನು "ಮನಸ್ಸಿನದು" ಎಂದು ತಳ್ಳಿಹಾಕುವ ವೈದ್ಯರಿದ್ದಾರೆ. ಬೇರೆಯವರನ್ನು ನೋಡಿ. ಕಟಿಭಾಗದ ಸ್ನಾಯುಗಳಿಗೆ ಫಿಸಿಯೊಥೆರಪಿ ಇದೆ, ನೋವಿಗೆ ಚಿಕಿತ್ಸೆ ಇದೆ. ಬೆಚ್ಚಿ ಬೀಳುವುದು, ದೃಶ್ಯಗಳು ಮರುಕಳಿಸುವುದು ತಿಂಗಳು ಕಳೆದರೂ ಇಳಿಯದಿದ್ದರೆ ಆಘಾತಕ್ಕೆಂದೇ ಇರುವ ಆಪ್ತಸಮಾಲೋಚನೆಯಿಂದ ಗುಣ ಕಾಣಬಹುದು.

ಮುಂದೆ ಯಾವತ್ತೋ ಗರ್ಭಕಂಠದ ತಪಾಸಣೆಗೋ, ಹೆರಿಗೆಗೋ, ದಂತವೈದ್ಯರ ಕುರ್ಚಿಯಲ್ಲೋ ಮಲಗಬೇಕಾದಾಗ ಮೈ ದಿಢೀರನೆ ಬಿಗಿಯಬಹುದು. ಆಗ ಪೂರ್ತಿ ಕತೆ ಹೇಳಬೇಕಿಲ್ಲ. "ನನಗೆ ಹಿಂದೆ ಒಂದು ಕೆಟ್ಟ ಅನುಭವ ಆಗಿದೆ. ಮುಟ್ಟೋ ಮುಂಚೆ ಹೇಳಿ ಮುಟ್ಟಿ, ನಾನು ಕೈ ಎತ್ತಿದರೆ ನಿಲ್ಲಿಸಿ" ಎಂದು ಮಲಗುವ ಮುಂಚೆಯೇ ಹೇಳಿ, ಕೇಸ್ ಶೀಟಿನ ಮೇಲೂ ಅದನ್ನು ಬರೆಸಿಬಿಡಿ. ಪ್ರತಿ ಸಲ ಹೊಸ ವೈದ್ಯರಿಗೆ ಮತ್ತೆ ಹೇಳುವ ಕಷ್ಟ ತಪ್ಪುತ್ತದೆ.